ಎಣ್ಣೆ ಗಿರಣಿಯವರ ಮನೆಯ ಅಡುಗೆ

ಚಳ್ಳಕೆರೆ
17-8-1997

ಮಂಜುಳಾ,

ಪಂಚಮಿಗೆ ನೀನು ಬರಲಿಲ್ಲವೆಂದು ಸಿಟ್ಟು ಬಂದದ್ದು ನಿಜ. ಆದರೆ ಈ ಪತ್ರ ಅದಕ್ಕಲ್ಲ. ಹೋದ ವಾರ ನಿನ್ನ ಭಾವನಿಗೆ ಎದೆನೋವು ಬಂದಿತ್ತು. ಗಾಬರಿಯಾಗಬೇಡ. ನಾನಿದನ್ನು ಬರೆಯುತ್ತಿರುವಾಗ ಅವರು ಜಗಲಿಯ ಮೇಲೆ ಕೂತು ಪೇಪರ್ ಓದುತ್ತಿದ್ದಾರೆ.

ಗಿರಣಿಯಲ್ಲಿ ಶೇಂಗಾ ಚೀಲ ಇಳಿಸುವಾಗ ಹಮಾಲರ ಮೇಲೆ ರೇಗುತ್ತಿದ್ದವರು ಹಾಗೇ ಎದೆ ಹಿಡಿದುಕೊಂಡು ಹಿಂಡಿ ಮೂಟೆಯ ಮೇಲೆ ಕೂತುಬಿಟ್ಟರಂತೆ. ಮಗ ಅಮರೇಶ ಅಲ್ಲಿದ್ದ. ತಡಮಾಡದೆ ಕಾರಿನಲ್ಲಿ ಹಾಕಿಕೊಂಡು, ದಾರಿಯಲ್ಲಿ ನನ್ನನ್ನೂ ಹತ್ತಿಸಿಕೊಂಡು ದಾವಣಗೆರೆಗೆ ಹೊರಟ. ಡಾಕ್ಟರು ಇಸಿಜಿ ಮಾಡಿದರು, ರಕ್ತ ತೆಗೆದು ನೋಡಿದರು. "ಸದ್ಯಕ್ಕೆ ದೊಡ್ಡದೇನೂ ಆಗಿಲ್ಲ. ರಕ್ತದಲ್ಲಿ ಕೊಬ್ಬು ಜಾಸ್ತಿ ಇದೆ. ಮಾತ್ರೆ ನಾನು ಕೊಡ್ತೀನಿ, ಉಳಿದ ಅರ್ಧ ಕೆಲಸ ನಿಮ್ಮ ಅಡುಗೆಮನೇದು" ಎಂದು ನನ್ನ ಕಡೆ ನೋಡಿದರು. ಆಮೇಲೆ ಇವರನ್ನು ಕೇಳಿದರು, "ಏನು ವ್ಯವಹಾರ ಮಾಡ್ತೀರಿ?"

"ಎಣ್ಣೆ ಗಿರಣಿ ಐತ್ರಿ."

ಡಾಕ್ಟರು ನಕ್ಕುಬಿಟ್ಟರು. ಎದೆನೋವಿಗಿಂತ ಆ ನಗುವೇ ಇವರಿಗೆ ಹೆಚ್ಚು ಚುಚ್ಚಿದೆ. "ಹಂಗಾದ್ರೆ ನಾನು ಮಾರೋದು ವಿಷವೇನ್ರಿ?" ಎಂದು ಕೇಳಿಯೇ ಬಿಟ್ಟರು. "ಎಣ್ಣೆ ಕೆಟ್ಟದ್ದಲ್ಲ ಏಕಾಂತಪ್ಪನವರೇ, ನೀವು ತಿನ್ನೋ ಅಳತೆ ಕೆಟ್ಟದ್ದು" ಎಂದರು ಅವರು.

ಕರಿದದ್ದು ಬೇಡ, ವನಸ್ಪತಿ ಬೇಡ, ತುಪ್ಪ ಬೆಣ್ಣೆ ಬೇಡ, ಕೆನೆ ಬೇಡ. ಹೀಗೆ ಬೇಡಗಳನ್ನೆಲ್ಲ ಕೇಳಿಸಿಕೊಂಡು ಬಂದೆ. ಏನು ಬೇಕು ಎನ್ನುವುದು ಮಾತ್ರ ತಲೆಗೆ ಹತ್ತಿಲ್ಲ. ನಿನ್ನ ಅತ್ತೆಗೆ ಲಕ್ವ ಹೊಡೆದ ಮೇಲೆ ನೀನು ಅಡುಗೆಯನ್ನೆಲ್ಲ ಬದಲಾಯಿಸಿದೆಯಲ್ಲ, ಹೇಗೆ ಮಾಡಿದೆ ಎಂದು ಬಿಡಿಸಿ ಬರಿ. ಫೋನು ಮಾಡಬೇಡ. ಫೋನಿರುವುದು ಗಿರಣಿಯಲ್ಲಿ, ಗುಮಾಸ್ತರೆಲ್ಲ ಕಿವಿ ನಿಮಿರಿಸಿಕೊಂಡಿರುತ್ತಾರೆ. ಮಾರ್ಕೆಟ್ಟಿನಲ್ಲಿ ಯಾರಿಗೂ ಗೊತ್ತಾಗಬಾರದೆಂದು ಇವರ ಅಪ್ಪಣೆಯಾಗಿದೆ. "ಎಣ್ಣೆಯವನೇ ಎಣ್ಣೆ ಬಿಟ್ಟ ಅಂತ ನಗ್ತಾರೆ" ಅನ್ನುತ್ತಾರೆ.

ನಿನ್ನ ಅಕ್ಕ,
ತಿಪ್ಪೇರುದ್ರಮ್ಮ


ಮೊಳಕಾಲ್ಮೂರು
25-8-1997

ಅಕ್ಕಾ,

ಪತ್ರ ಬಂತು. "ಜಗಲಿಯ ಮೇಲೆ ಪೇಪರ್ ಓದುತ್ತಿದ್ದಾರೆ" ಎಂಬ ಸಾಲನ್ನು ಮತ್ತೆ ಮತ್ತೆ ಓದಿ ಸಮಾಧಾನ ಮಾಡಿಕೊಂಡೆ.

ನನ್ನ ಅನುಭವ ಹೇಳುತ್ತೇನೆ. ಎಲ್ಲವನ್ನೂ ಒಂದೇ ದಿನ ಬದಲಾಯಿಸಬೇಡ. ಹಾಗೆ ಮಾಡಿದರೆ ಭಾವ ತಟ್ಟೆ ತಳ್ಳಿ ಏಳುತ್ತಾರೆ. ಮೊದಲು ಎಣ್ಣೆಯನ್ನು ಡಬ್ಬದಿಂದ ಬಗ್ಗಿಸುವುದು ಬಿಡು, ಚಮಚದಿಂದ ಹಾಕು. ಇಷ್ಟನ್ನೇ ಒಂದೆರಡು ವಾರ ಮಾಡು. ಒಗ್ಗರಣೆ ಕಡಿಮೆಯಾದದ್ದು ನಾಲಿಗೆಗೆ ಗೊತ್ತೇ ಆಗುವುದಿಲ್ಲ. ಆಮೇಲೆ ಹಾಲು ಕಾಯಿಸಿ ಆರಿಸಿ ಕೆನೆ ತೆಗೆದು ಹೆಪ್ಪು ಹಾಕು. ಹಪ್ಪಳವನ್ನು ಕೆಂಡದ ಮೇಲೆ ಸುಡು. ಎಣ್ಣೆಗಾಯಿ ಮಾಡುವಾಗ ಬದನೆಕಾಯಿಯನ್ನು ಮೊದಲು ಹಬೆಯಲ್ಲಿ ಬೇಯಿಸಿಕೊಂಡರೆ ಎಣ್ಣೆ ಕುಡಿಯುವುದಿಲ್ಲ. ಮಸಾಲೆಗೆ ಶೇಂಗಾಪುಡಿ ಅರ್ಧ ಹಾಕಿ ಉಳಿದರ್ಧ ಹುರಿಗಡಲೆ ಹಾಕು. ರೊಟ್ಟಿ, ಮುದ್ದೆ, ಹುರುಳಿಕಾಳು, ಸೊಪ್ಪು ಹೇಗೂ ನಮ್ಮ ಊಟವೇ. ಅದಕ್ಕೆ ನಾವು ಮೇಲಿಂದ ಸುರಿಯುವುದೇ ತೊಂದರೆ.

ಇನ್ನೊಂದು ಮಾತು. "ಇದು ಆರೋಗ್ಯದ ಅಡುಗೆ" ಎಂದು ಹೇಳಿ ಬಡಿಸಬೇಡ. ಸುಮ್ಮನೆ ಬಡಿಸು.

ನಾನು ಬರೆಯುವುದನ್ನು ನೋಡಿ ಅತ್ತೆ ಮಂಚದಿಂದಲೇ ಕೇಳಿದರು, "ಎವರಿಕಿ ಅಮ್ಮಾ, ಯಾರಿಗೆ ಬರೀತಿದ್ದೀ? ಅಕ್ಕನಿಗೇನು? ಎಣ್ಣೆ ಡಬ್ಬ ಒಲೆ ಪಕ್ಕ ಇಡಬ್ಯಾಡ ಅಂತ ಬರಿ. ಕೈಗೆ ಸಿಕ್ಕಿದ್ರೆ ಸುರೀತಾಳೆ." ಅತ್ತೆ ಸೂರಮ್ಮನವರ ಮಾತು ತಿರುಚುವಂತಿಲ್ಲ, ಹಾಗೇ ಬರೆದಿದ್ದೇನೆ.

ಮಂಜುಳ


ಚಳ್ಳಕೆರೆ
21-9-1997

ಮಂಜುಳಾ,

ಚಮಚದ ವಿಷಯದಲ್ಲಿ ನೀನು ಹೇಳಿದ್ದು ಸರಿಯಾಯಿತು. ಇವರಿಗೆ ಗೊತ್ತೇ ಆಗಲಿಲ್ಲ. ಗೊತ್ತಾದದ್ದು ನಾಲಿಗೆಯಿಂದಲ್ಲ, ಕಣ್ಣಿಂದ. ನೀರು ಕುಡಿಯಲು ಒಳಗೆ ಬಂದವರು ಎಣ್ಣೆ ಡಬ್ಬದ ಮೇಲಿದ್ದ ಚಮಚ ನೋಡಿದರು.

"ಇದೇನಿದು?"

"ಚಮಚ."

"ಅದು ಕಾಣ್ತದೆ. ಊರಿಗೆಲ್ಲ ಟ್ಯಾಂಕರ್‌ನಾಗೆ ಎಣ್ಣೆ ಕಳಿಸ್ತೀನಿ. ನನ್ನ ಮನೇಲಿ ಚಮಚದಾಗೆ ಅಳೀತೀಯಾ?"

ಅವತ್ತು ರಾತ್ರಿ ಊಟ ಬಿಟ್ಟರು. ಮರುದಿನವೂ ನಾನು ಚಮಚದಲ್ಲೇ ಹಾಕಿದೆ. ಅಮರೇಶ ಎರಡು ಸಲ ಪಲ್ಯ ಹಾಕಿಸಿಕೊಂಡ. ಅದನ್ನು ನೋಡಿ ಇವರೂ ಉಂಡರು.

ಈಗ ನಮ್ಮ ಮನೆಯಲ್ಲಿ ದಿನಾ ಎರಡು ಅಡುಗೆ. ಇವರಿಗೆ ಬೇರೆ, ಉಳಿದವರಿಗೆ ಬೇರೆ. ಗಿರಣಿಗೆ ಬರುವ ವ್ಯಾಪಾರಿಗಳು ಊಟಕ್ಕೆ ಮನೆಗೇ ಬರುವುದು ನಿನಗೆ ಗೊತ್ತಲ್ಲ. ಅವರಿಗೆ ಬಜ್ಜಿ, ಬೋಂಡ, ತುಪ್ಪ ಇಲ್ಲದೆ ಎಲೆ ಹಾಕುವಂತಿಲ್ಲ. ಇವರ ಮರ್ಯಾದೆಯ ಪ್ರಶ್ನೆ. ಗಣಪತಿ ಹಬ್ಬಕ್ಕೆ ಇವರಿಗೆ ಹಬೆಯ ಕಡುಬು ಮಾಡಿದೆ, ಬಂದವರಿಗೆ ಕರಿಗಡುಬು. ಕರಿಗಡುಬು ಬಹಳ ಉಳಿದವು. ಇವರ ಕಣ್ಣಿಗೆ ಬಿದ್ದರೆ ಕಷ್ಟ ಎಂದು ಮಡಿಕೆ ಕೋಣೆಯಲ್ಲಿ ಮುಚ್ಚಿಟ್ಟು ದಿನಾ ಸ್ವಲ್ಪ ಸ್ವಲ್ಪ ನಾನೇ ತಿಂದು ಮುಗಿಸಿದೆ. ತೆಗೆದ ಕೆನೆಯನ್ನು ಬೆಣ್ಣೆ ಮಾಡಿ ತುಪ್ಪ ಕಾಸುತ್ತೇನೆ, ಅದೂ ಒಂದು ಕೆಲಸ.

ಇವರು ಬೆಳಿಗ್ಗೆ ರೈಲ್ವೆ ಸ್ಟೇಷನ್‌ವರೆಗೆ ನಡೆದು ಬರುತ್ತಿದ್ದಾರೆ. ಯಾರಾದರೂ ಕೇಳಿದರೆ "ಗೂಡ್ಸ್ ಗಾಡಿ ರೇಕು ಬಂದೈತೇನೋ ನೋಡೋಕೆ" ಎನ್ನುತ್ತಾರಂತೆ.

ತಿಪ್ಪೇರುದ್ರಮ್ಮ


ಮೊಳಕಾಲ್ಮೂರು
5-10-1997

ಅಕ್ಕಾ,

ಚಮಚದ ಜಗಳವನ್ನು ಶಾಲೆಯಲ್ಲಿ ಟೀಚರುಗಳಿಗೆಲ್ಲ ಓದಿ ಹೇಳಿದೆ. (ಹೆಸರು ಹೇಳಲಿಲ್ಲ, ಭಾವನ ಮರ್ಯಾದೆ ಭದ್ರವಾಗಿದೆ.) ನಮ್ಮವರೂ ಅಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸುತ್ತಿದ್ದವರು ಕೇಳಿಸಿಕೊಂಡು ಬಿದ್ದು ಬಿದ್ದು ನಕ್ಕರು. ನೀನು ಗೆದ್ದೆ ಕಣೇ ಅಕ್ಕ. ಹಟಮಾರಿ ಗಂಡಸನ್ನು ಹೀಗೆ ದಾರಿಗೆ ತರುವುದು ಎಲ್ಲರ ಕೈಲಾಗುವ ಕೆಲಸವಲ್ಲ.

ಉಳಿದದ್ದನ್ನು ಮುಚ್ಚಿಟ್ಟದ್ದು ಒಳ್ಳೆಯದಾಯಿತು. ಆದರೆ ಮುಚ್ಚಿಟ್ಟರೂ ವಾಸನೆ ಹಿಡಿದು ಬರುತ್ತಾರೆ. ಕರಿದದ್ದೇನಾದರೂ ಉಳಿದರೆ ಡಬ್ಬಕ್ಕೆ ತುಂಬಬೇಡ, ಅವತ್ತಿಂದವತ್ತೇ ಮುಗಿಸಿಬಿಡು.

ಈ ಸಲ ದೀಪಾವಳಿಗೆ ಖಂಡಿತ ಬರುತ್ತೇನೆ ಎಂದುಕೊಂಡಿದ್ದೆ. ಅತ್ತೆಯನ್ನು ಬಿಟ್ಟು ಹೊರಡಲು ಆಗುತ್ತಿಲ್ಲ. ಬೈದುಕೋ.

ಮಂಜುಳ


ಚಳ್ಳಕೆರೆ
30-11-1997

ಮಂಜುಳಾ,

ಬರೆಯಲು ತಡವಾಯಿತು. ಹೊಸ ಶೇಂಗಾ ಬಂದಿದೆ, ಗಿರಣಿಗೆ ಬಿಡುವಿಲ್ಲ, ನನ್ನ ಒಲೆಗೂ ಬಿಡುವಿಲ್ಲ. ಬಳ್ಳಾರಿಯವರು, ಹುಬ್ಬಳ್ಳಿಯವರು ದಿನಾ ಯಾರಾದರೂ ಊಟಕ್ಕಿರುತ್ತಾರೆ.

ಸಂತೋಷದ ಸುದ್ದಿ ಮೊದಲು ಹೇಳುತ್ತೇನೆ. ಇವರ ರಕ್ತ ಮತ್ತೆ ನೋಡಿದರು. ಕೊಬ್ಬು ಬಹಳ ಇಳಿದಿದೆ. ಅಂಗಿ ದೊಗಳೆಯಾಗಿದೆ. "ಮನೆಯವರು ಚೆನ್ನಾಗಿ ನೋಡ್ಕೊಂಡಿದಾರೆ" ಎಂದು ಡಾಕ್ಟರು ಹೇಳಿದರಂತೆ. ಇವರು ಮನೆಗೆ ಬಂದು ಆ ಮಾತು ನನಗೆ ಹೇಳಲಿಲ್ಲ. ಅಮರೇಶ ಹೇಳಿದ.

ನನ್ನದೇ ಯಾಕೋ ಮೈ ಸರಿಯಿಲ್ಲ. ಆಯಾಸ. ಸಂಡಿಗೆ ಇಡಲು ಮಾಳಿಗೆ ಹತ್ತಿದರೆ ಅರ್ಧಕ್ಕೇ ನಿಲ್ಲಬೇಕು. ಗ್ಯಾಸು ಏರಿ ಬೆನ್ನಿನ ನಡುವೆ ಹಿಡಿಯುತ್ತದೆ. ಸ್ವಲ್ಪ ಕೂತರೆ ಇಳಿಯುತ್ತದೆ. ಅದರ ಜೊತೆಗೆ ಎಡ ದವಡೆ ನೋವು. ಹಲ್ಲಿಂದಲೇ ಇರಬೇಕೆಂದು ತೋರಿಸಿದೆ. ಹಿಂದಿನ ದವಡೆ ಹಲ್ಲು ಹುಳುಕಾಗಿದೆ ಎಂದು ಕಿತ್ತರು. ಗಾಯ ಮಾಗಿದೆ, ನೋವು ಮಾತ್ರ ಕೆಲಸ ಮಾಡುವಾಗ ಬರುತ್ತದೆ, ಹೋಗುತ್ತದೆ. ಪಕ್ಕದ ಹಲ್ಲನ್ನೂ ಕೀಳಿಸಬೇಕೋ ಏನೋ.

ಇವರ ಮುಂದೆ ಹೇಳಿಲ್ಲ. ಸೀಸನ್ನಿನಲ್ಲಿ ಅವರಿಗೆ ಇದೆಲ್ಲ ಯಾಕೆ.

ತಿಪ್ಪೇರುದ್ರಮ್ಮ


ಮೊಳಕಾಲ್ಮೂರು
9-12-1997

ಅಕ್ಕಾ,

ಭಾವನ ಸುದ್ದಿ ಕೇಳಿ ಹಾಲು ಕುಡಿದಷ್ಟು ಸಂತೋಷವಾಯಿತು, ಕೆನೆ ತೆಗೆದ ಹಾಲೇ ಅನ್ನು. ಅತ್ತೆಗೂ ಹೇಳಿದೆ.

ನಿನ್ನ ಆಯಾಸಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡ. ನಮ್ಮ ವಯಸ್ಸೇ ಹಾಗೆ. ಮುಟ್ಟು ನಿಲ್ಲುವ ಕಾಲದಲ್ಲಿ ಬೆನ್ನು, ಬೆವರು, ಸಿಟ್ಟು ಎಲ್ಲ ಒಟ್ಟಿಗೇ ಬರುತ್ತವೆ. ಗ್ಯಾಸಿಗೆ ಜೀರಿಗೆ ಕಷಾಯ ಕುಡಿ. ದವಡೆಗೆ ಲವಂಗದೆಣ್ಣೆ ಹಚ್ಚು. ಮಧ್ಯಾಹ್ನ ಸ್ವಲ್ಪ ಹೊತ್ತು ಅಡ್ಡಾಗು.

ಶಾಲೆಯಲ್ಲಿ ಇನ್ಸ್‌ಪೆಕ್ಷನ್ ಇದೆ, ಅದಕ್ಕೇ ಇಷ್ಟೇ.

ಮಂಜುಳ


ಚಳ್ಳಕೆರೆ
11-1-1998

ಮಂಜುಳಾ,

ಅಕ್ಷರ ಸೊಟ್ಟಗಿದ್ದರೆ ಬೈಯಬೇಡ, ಮಲಗಿಕೊಂಡೇ ಬರೆಯುತ್ತಿದ್ದೇನೆ. ನಿನ್ನೆ ರೊಟ್ಟಿ ಬಡಿಯುವಾಗ ಮೈಯೆಲ್ಲ ಬೆವೆತು ಸೀರೆ ಒದ್ದೆಯಾಯಿತು. ಕಣ್ಣು ಕತ್ತಲಾಗಿ ಗೋಡೆಗೆ ಒರಗಿ ಕೂತೆ. ದವಡೆಯಿಂದ ಕೈವರೆಗೆ ನೋವು ಇಳಿಯಿತು. ನೆಂಟರು ಹೊರಗೆ ಊಟಕ್ಕೆ ಕೂತಿದ್ದರು. ಎದ್ದು ಉಳಿದ ರೊಟ್ಟಿ ಮಾಡಿ ಬಡಿಸಿದೆ. ನೀನು ಹೇಳಿದ ಕಷಾಯ ಕುಡಿಯುತ್ತಿದ್ದೇನೆ, ಬಗ್ಗುತ್ತಿಲ್ಲ.

ಯಾರಿಗೂ ಹೇಳಿಲ್ಲ. ಸಂಕ್ರಾಂತಿಗೆ ಎಳ್ಳು ಬೆಲ್ಲ ಕಳಿಸಲು ಆಗಲಿಕ್ಕಿಲ್ಲ.

ಅಕ್ಕ


ಮೊಳಕಾಲ್ಮೂರು
8-2-1998

ಅಕ್ಕಾ,

ನಿನ್ನನ್ನು ಆಸ್ಪತ್ರೆಯಿಂದ ಮನೆಗೆ ಬಿಟ್ಟು ಬಂದ ಮೇಲೆ ಇವತ್ತೇ ಕೂತು ಬರೆಯುತ್ತಿರುವುದು. ನೀನು ಒಳಗೆ ಮಲಗಿದ್ದೆ. ಹೊರಗೆ ಏನು ನಡೆಯಿತೆಂದು ನಿನಗೆ ಯಾರೂ ಸರಿಯಾಗಿ ಹೇಳಿರಲಿಕ್ಕಿಲ್ಲ. ನಿನಗೆ ಗೊತ್ತಿರಬೇಕು.

ನಿನ್ನ ಪತ್ರ ಸಂಕ್ರಾಂತಿಯ ಮಾರನೆಯ ದಿನ ಬಂತು. ಅವತ್ತು ಶಾಲೆಗೆ ಮಕ್ಕಳನ್ನು ನೋಡಲು ಆಸ್ಪತ್ರೆಯ ಲೇಡಿ ಡಾಕ್ಟರ್ ಬಂದಿದ್ದರು. ಹಲ್ಲು ಕಿತ್ತ ಮೇಲೂ ದವಡೆ ನೋವು ಯಾಕೆ ಬರುತ್ತದೆ ಎಂದು ಮಾತಿನ ನಡುವೆ ಕೇಳಿದೆ ಅಷ್ಟೇ. ಆಕೆ ಬರೆಯುವುದು ನಿಲ್ಲಿಸಿದರು.

"ಮೆಟ್ಟಿಲು ಹತ್ತಿದಾಗ ಬರುತ್ತಾ? ಕೂತರೆ ಹೋಗುತ್ತಾ?"

"ಹೌದು."

"ಬೆವರು?"

ನಾನು ಪತ್ರ ತೆಗೆದು ಕೊಟ್ಟೆ. ಓದಿ ನನಗೇ ವಾಪಸ್ ಕೊಟ್ಟು, "ಇದು ಹಲ್ಲಲ್ಲ, ಗ್ಯಾಸೂ ಅಲ್ಲ. ಹೆಂಗಸರಿಗೆ ಎಷ್ಟೋ ಸಲ ಹೃದಯದ ನೋವು ಎದೆಗೆ ಬರೋದೇ ಇಲ್ಲ. ಇವತ್ತೇ ತೋರಿಸಿ" ಎಂದರು.

ಗಿರಣಿಗೆ ಫೋನು ಮಾಡಿದೆ, ಲೈನು ಸಿಗಲಿಲ್ಲ. ಅತ್ತೆಯನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ಸಿಕ್ಕ ಬಸ್ಸು ಹತ್ತಿದೆ. ಬಂದು ನೋಡಿದರೆ ನೀನು ಬಾಣಲೆ ಮುಂದೆ ನಿಂತು ನೆಂಟರಿಗೆ ಮಿರ್ಚಿ ಕರಿಯುತ್ತಿದ್ದೆ. ಆಸ್ಪತ್ರೆ ಎಂದರೆ ನೀನು ಒಲೆ ಬಿಟ್ಟು ಏಳುವವಳಲ್ಲ. ಅದಕ್ಕೇ ದಾವಣಗೆರೆಯಲ್ಲಿ ಒಂದು ಮದುವೆ ಸೀರೆ ನೋಡಬೇಕು, ಬಾ ಎಂದು ಸುಳ್ಳು ಹೇಳಿದೆ. ಅಮರೇಶನಿಗೆ ಹಿತ್ತಲಲ್ಲಿ ನಿಜ ಹೇಳಿದ್ದೆ. ಕಾರಿನಲ್ಲಿ ನೀನು "ಎಂಥ ಅಂಚು ಬೇಕೇ?" ಎಂದು ಕೇಳುತ್ತಿದ್ದೆ, ಅವನು ಹಿಂದೆ ತಿರುಗಿಯೂ ನೋಡದೆ ಕಾರು ಓಡಿಸುತ್ತಿದ್ದ.

ನಿನ್ನನ್ನು ಒಳಗೆ ಮಲಗಿಸಿಕೊಂಡ ಮೇಲೆ ಭಾವ ಬಂದರು. ಅವರನ್ನು ನೋಡಿದ ಡಾಕ್ಟರೇ ನಿನ್ನನ್ನೂ ನೋಡಿದ್ದು. ಹೊರಗೆ ಬಂದು, "ಇವರಿಗೆ ಒಂದು ಸಣ್ಣ ಆಘಾತ ಆಗಲೇ ಆಗಿಹೋಗಿದೆ. ಗ್ಯಾಸು ಅಂದ್ಕೊಂಡು ಸಹಿಸಿದ್ದಾರೆ. ಸಕ್ಕರೆ ಕಾಯಿಲೆಯೂ ಇದೆ, ಅದು ಯಾವಾಗಿಂದಲೋ" ಎಂದರು.

ಭಾವ ನಂಬಲಿಲ್ಲ. "ಅದು ಹೆಂಗೆ ಡಾಕ್ಟ್ರೇ? ನಮ್ಮ ಮನೇಲಿ ಎಣ್ಣೆ, ತುಪ್ಪ ಬಿಟ್ಟು ಎಷ್ಟು ತಿಂಗಳಾತು! ನನಗೆ ವಾಸಿ ಆಗೈತಲ್ಲ."

"ನಿಮಗೆ ಬಿಡಿಸಿದ್ದಾರೆ. ಅವರು ಏನು ತಿಂತಾರೆ?"

ಭಾವ ಅಮರೇಶನ ಮುಖ ನೋಡಿದರು. ಅಮರೇಶ ನನ್ನ ಮುಖ ನೋಡಿದ. ನಾನು ನೆಲ ನೋಡಿದೆ. ಮೂವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ ಅಕ್ಕ. ಭಾವ ಮೆಲ್ಲಗೆ ಹೇಳಿದರು, "ನಾನು ಉಂಡು ಎದ್ದು ಗಿರಣಿಗೆ ಹೋಗ್ತೀನ್ರಿ. ಅವಳು ಆಮೇಲೆ ಉಣ್ತಾಳೆ. ಏನ್ ಉಣ್ತಾಳೆ ಅಂತ ನಾನು ಯಾವತ್ತೂ ನೋಡಿಲ್ಲ."

ನಾನು ಜೋರಾಗಿ ಕೂಗಾಡಿದೆನಂತೆ, ಅಮರೇಶ ಆಮೇಲೆ ಹೇಳಿದ. ಭಾವನ ಮುಂದೆ ದನಿ ಎತ್ತಿದ್ದು ಅದೇ ಮೊದಲು. ಅವರು ಬೆಂಚಿನ ತುದಿಯಲ್ಲಿ ಕೂತು ಟವಲಿನಲ್ಲಿ ಮುಖ ಒರೆಸಿಕೊಳ್ಳುತ್ತಿದ್ದರು.

ಆದರೆ ಕೂಗಾಡುವ ಹಕ್ಕು ನನಗೂ ಇರಲಿಲ್ಲ. ಉಳಿದದ್ದನ್ನು ಅವತ್ತೇ ಮುಗಿಸಿಬಿಡು ಎಂದು ಬರೆದವಳು ನಾನು. ಮುಗಿಸುವವರು ಯಾರೆಂದು ಯೋಚಿಸಲಿಲ್ಲ.

ಮಾತ್ರೆ ತಪ್ಪಿಸಬೇಡ. ಒಲೆಯ ಮುಂದೆ ನಿಲ್ಲಬೇಡ.

ಮಂಜುಳ


ಚಳ್ಳಕೆರೆ
1-3-1998

ಮಂಜುಳಾ,

ಶಿವರಾತ್ರಿಗೆ ಉಪವಾಸ ಮಾಡಲಿಲ್ಲ. ಸಕ್ಕರೆ ಕಾಯಿಲೆಯವರು ಮಾಡಬಾರದಂತೆ. ಹಸಿದು ಮಾಡಬೇಕಾದ ಪೂಜೆಯನ್ನು ಉಂಡು ಮಾಡಿದೆ, ದೇವರೇನೂ ಬೇಜಾರು ಮಾಡಿಕೊಂಡ ಹಾಗೆ ಕಾಣಲಿಲ್ಲ.

ನಿನ್ನ ಪತ್ರ ಓದಿ ಮೊದಲು ಸಿಟ್ಟು ಬಂತು. ನನ್ನನ್ನು ಯಾರೂ ತಿನ್ನು ಎಂದು ಬಲವಂತ ಮಾಡಿರಲಿಲ್ಲ. ಬಾಣಲೆಯಿಂದ ತೆಗೆದ ಬಿಸಿ ಬೋಂಡವನ್ನು ತಿಪ್ಪೆಗೆ ಹಾಕಲು ಮನಸ್ಸು ಬರುವುದಿಲ್ಲ, ಅಷ್ಟೇ. ಇವರಿಗೆ ಸೊಪ್ಪಿನ ಪಲ್ಯ ಬೇರೆ ಮಾಡುತ್ತಿದ್ದೆ. ಅದು ಇವರದು ಎಂದೇ ತಲೆಯಲ್ಲಿತ್ತು. ಅದರಲ್ಲಿ ನಾನೂ ಒಂದು ಸೌಟು ಹಾಕಿಕೊಳ್ಳಬಹುದಿತ್ತು. ಹೊಳೆಯಲೇ ಇಲ್ಲ ನೋಡು.

ಈಗ ಒಂದೇ ಅಡುಗೆ. ಇದು ಇವರ ಕಾನೂನು. ಅಡುಗೆಗೆ ಗೀತಮ್ಮ ಬರುತ್ತಾಳೆ, ನಾನು ಸ್ಟೂಲಿನ ಮೇಲೆ ಕೂತು ಹೇಳಿಕೊಡುತ್ತೇನೆ. ಮೊನ್ನೆ ಹುಬ್ಬಳ್ಳಿಯ ವ್ಯಾಪಾರಿಗಳು ಊಟಕ್ಕೆ ಬಂದಿದ್ದರು. ರೊಟ್ಟಿ, ಹುರುಳಿಕಾಳು ಸಾರು, ಮೆಂತ್ಯ ಸೊಪ್ಪು, ಸೌತೆಕಾಯಿ, ಮಜ್ಜಿಗೆ. ಅವರಲ್ಲಿ ಒಬ್ಬರು ಎಲೆ ನೋಡಿ ನಕ್ಕರು. "ಏನ್ರಿ ಏಕಾಂತಪ್ಪನವರ, ಗಿರಣಿಯವರ ಮನ್ಯಾಗ ಬಜ್ಜಿ ಇಲ್ಲೇನ್ರಿ?"

ಇವರು ಏನೆನ್ನುತ್ತಾರೋ ಎಂದು ನಾನು ಬಾಗಿಲಿಗೆ ಬಂದೆ. ಮಾರ್ಕೆಟ್ಟಿಗೆ ಗೊತ್ತಾಗಬಾರದು ಎಂದವರಲ್ಲವೇ. ಇವರು ಶಾಂತವಾಗಿ, "ಇಲ್ರಿ. ನಮ್ಮಿಬ್ಬರಿಗೂ ಡಾಕ್ಟ್ರು ಬ್ಯಾಡ ಅಂದವ್ರೆ. ಒಬ್ಬರು ಬಿಟ್ಟು ಒಬ್ಬರು ತಿಂದ್ರೆ ಆಗಲ್ಲ ಅಂತ ಗೊತ್ತಾತು. ಹೋಗುವಾಗ ಒಂದು ಡಬ್ಬ ಎಣ್ಣೆ ಕೊಡಸ್ತೀನಿ, ನಿಮ್ಮನೇಲಿ ಕರಕಂಡು ತಿನ್ರಿ" ಎಂದರು. ಅವರು ಸಾರು ಎರಡು ಸಲ ಹಾಕಿಸಿಕೊಂಡರು. ವ್ಯಾಪಾರವೂ ಆಯಿತು.

ಇನ್ನೊಂದು ವಿಷಯ. ಮನೆಯವರೇ ಇದ್ದಾಗ ಇವರು ನನ್ನನ್ನು ಬಿಟ್ಟು ಊಟಕ್ಕೆ ಕೂರುವುದಿಲ್ಲ. "ನೀನು ಬಡ್ಸ್ಕಂಡು ಕೂತ್ರೆ ನಾನು ಉಣ್ತೀನಿ" ಎನ್ನುತ್ತಾರೆ. ಮೊದಲ ದಿನ ಬಹಳ ನಾಚಿಕೆಯಾಯಿತು. ಇಷ್ಟು ವರ್ಷದಲ್ಲಿ ನಾನು ತಿನ್ನುವುದನ್ನು ಅವರು ನೋಡಿದವರಲ್ಲ, ನಾನು ತೋರಿಸಿದವಳಲ್ಲ. ಇಬ್ಬರೂ ತಲೆ ತಗ್ಗಿಸಿ ಉಂಡೆವು. ಅಮರೇಶ ನಗು ತಡೆದುಕೊಳ್ಳಲಾಗದೆ ತಟ್ಟೆ ಹಿಡಿದು ಹಿತ್ತಲಿಗೆ ಹೋದ.

ಡಾಕ್ಟರು ನನ್ನನ್ನು ಒಂದು ಪ್ರಶ್ನೆ ಕೇಳಿದರು, ಒಡಹುಟ್ಟಿದವರು ಇದ್ದಾರೆಯೇ ಎಂದು. ನಮ್ಮ ಅವ್ವ ಕೊಟ್ಟಿಗೆಯಲ್ಲಿ ಕುಸಿದು ಬಿದ್ದು ತೀರಿಹೋದದ್ದನ್ನು ಹೇಳಿದೆ. "ಹಾಗಾದ್ರೆ ನಿಮ್ಮ ತಂಗಿಯೂ ತೋರಿಸ್ಕೊಳ್ಳಲಿ" ಎಂದರು. ನೀನು ತೋರಿಸಿಕೊಂಡೆಯಾ?

ತಿಪ್ಪೇರುದ್ರಮ್ಮ


ಮೊಳಕಾಲ್ಮೂರು
15-3-1998

ಅಕ್ಕಾ,

ಭಾವನ ಉತ್ತರ ಕೇಳಿ ನಮ್ಮವರು "ಈಗ ಗಂಡಸಾದ" ಎಂದರು. ಏಳನೇ ತರಗತಿಯ ಪರೀಕ್ಷೆ ಹತ್ತಿರ ಬಂದಿದೆ, ಮಕ್ಕಳಿಗೆ ಸಂಜೆಯೂ ಪಾಠ ಮಾಡುತ್ತಿದ್ದೇನೆ. ಅತ್ತೆ ಈಗ ಕೋಲು ಹಿಡಿದು ಬಾಗಿಲವರೆಗೆ ಬರುತ್ತಾರೆ. ನಮ್ಮವರ ಅಂಗಡಿಗೆ ಹೊಸ ನಮೂನೆಯ ಸೀರೆ ಬಂದಿವೆ, ಕಡುಹಸಿರಿಗೆ ಕುಂಕುಮದ ಬಣ್ಣದ ಅಂಚು. ನಿನಗೊಂದು ತೆಗೆದಿಟ್ಟಿದ್ದೇನೆ. ಈ ಸಲ ಸುಳ್ಳಲ್ಲ. ಬಿಸಿಲು ಜೋರಾಗಿದೆ, ನೀರು ಚೆನ್ನಾಗಿ ಕುಡಿ.

ಮಂಜುಳ


ಚಳ್ಳಕೆರೆ
22-3-1998

ಮಂಜುಳಾ,

ಪರೀಕ್ಷೆ ಬರೆದೆ, ಅತ್ತೆ ಬರೆದೆ, ಸೀರೆ ಬರೆದೆ, ಬಿಸಿಲು ಬರೆದೆ. ನಾನು ಕೇಳಿದ್ದಕ್ಕೆ ಉತ್ತರ ಬರೆಯಲಿಲ್ಲ. ನಾನು ಹಲ್ಲು ಕೀಳಿಸಿಕೊಂಡು ಸುಮ್ಮನಿದ್ದವಳು, ಸುಮ್ಮನಿರುವವರ ಪತ್ರ ಹೇಗಿರುತ್ತದೆ ಎಂದು ನನಗೆ ಗೊತ್ತು.

ಯುಗಾದಿಯೊಳಗೆ ತೋರಿಸಿಕೋ. ಇಲ್ಲವಾದರೆ ನಾನೇ ಬಸ್ಸು ಹತ್ತುತ್ತೇನೆ. ಆಮೇಲೆ ದಾರಿಯಲ್ಲಿ ನನಗೇನಾದರೂ ಆದರೆ ನಿನ್ನ ಭಾವ ನಿನ್ನ ಮೇಲೆ ದನಿ ಎತ್ತುತ್ತಾರೆ.

ತಿಪ್ಪೇರುದ್ರಮ್ಮ


ಮೊಳಕಾಲ್ಮೂರು
6-4-1998

ಅಕ್ಕಾ,

ತೋರಿಸಿಕೊಂಡೆ. ಬಿಪಿ ಜಾಸ್ತಿ ಇದೆ. ಚಿತ್ರದುರ್ಗಕ್ಕೆ ಕಳಿಸಿ ರಕ್ತ ನೋಡಿಸಿದರು, ಕೊಬ್ಬೂ ಜಾಸ್ತಿ. ಹೃದಯಕ್ಕೆ ಸದ್ಯ ಏನೂ ಆಗಿಲ್ಲ. ಮಾತ್ರೆ ಶುರುವಾಗಿದೆ.

ಮೊದಲೇ ಯಾಕೆ ಹೋಗಲಿಲ್ಲ ಎಂದು ನೀನು ಕೇಳುವೆ. ನಿನ್ನನ್ನು ಒಳಗೆ ಕರೆದುಕೊಂಡು ಹೋದಾಗ ಆ ಬಾಗಿಲು ಮುಚ್ಚಿಕೊಂಡ ಸದ್ದು ಕಿವಿಯಲ್ಲೇ ಉಳಿದಿದೆ. ನನಗೂ ಇದೆ ಎಂದು ಯಾರಾದರೂ ಹೇಳಿಬಿಟ್ಟರೆ ಅತ್ತೆಯನ್ನು ಎತ್ತಿ ಕೂರಿಸುವವರು ಯಾರು ಎಂದು ದಿನ ತಳ್ಳುತ್ತಿದ್ದೆ.

ಅಡುಗೆಗೆ ಚಮಚದಲ್ಲೇ ಎಣ್ಣೆ ಹಾಕುವವಳಿಗೆ ಕೊಬ್ಬು ಎಲ್ಲಿಂದ ಬಂತು ಎಂದು ಡಾಕ್ಟರಮ್ಮ ಕೇಳಿದರು. ಅವ್ವನ ವಿಷಯ ಹೇಳಿದೆ. "ಅದು ಸ್ವಲ್ಪ, ಉಳಿದದ್ದು?" ಎಂದರು. ಆಮೇಲೆ ಹೇಳಲೇಬೇಕಾಯಿತು. ಶಾಲೆ ಬಿಟ್ಟ ಮೇಲೆ ಬಸ್‌ಸ್ಟ್ಯಾಂಡ್ ಹತ್ತಿರ ನಾವು ಟೀಚರುಗಳೆಲ್ಲ ಸೇರಿ ಮೆಣಸಿನಕಾಯಿ ಬಜ್ಜಿ, ಮಂಡಕ್ಕಿ ತಿನ್ನುತ್ತೇವೆ. ವರ್ಷಗಳಿಂದ. ಅದನ್ನು ನಾನು ಊಟದ ಲೆಕ್ಕಕ್ಕೇ ಸೇರಿಸಿರಲಿಲ್ಲ. ಡಾಕ್ಟರಮ್ಮ ನಕ್ಕು, "ಆ ಬಜ್ಜಿ ನಾನೂ ತಿಂದಿದೀನಿ ಟೀಚರ್, ಚೆನ್ನಾಗಿರುತ್ತೆ. ಯಾವಾಗಲಾದ್ರೂ ಒಂದು ತಿನ್ನಿ, ದಿನಾ ಬೇಡ" ಎಂದರು.

ಈಗ ಆ ಹೊತ್ತಿಗೆ ಸೌತೆಕಾಯಿ, ಹುರಿಗಡಲೆ ಹಾಕಿದ ಬರೀ ಮಂಡಕ್ಕಿ ತಿನ್ನುತ್ತಿದ್ದೇನೆ. ಟೀಚರುಗಳು ಪಕ್ಕದಲ್ಲೇ ಬಜ್ಜಿ ತಿನ್ನುತ್ತಾರೆ. ನಿಜ ಹೇಳುತ್ತೇನೆ ಅಕ್ಕ, ಕಷ್ಟ. ಭಾವನಿಗೆ ಬುದ್ಧಿ ಹೇಳಿ ಬರೆಯುವುದು ಎಷ್ಟು ಸುಲಭವಿತ್ತು.

ಮಂಜುಳ


ಚಳ್ಳಕೆರೆ
14-6-1998

ಮಂಜುಳಾ,

ನಿನ್ನ ಬಿಪಿ ಇಳಿದಿದೆ ಎಂದು ಮೊನ್ನೆಯ ಪತ್ರದಲ್ಲಿ ಓದಿ ಇವರಿಗೂ ಹೇಳಿದೆ. "ನಿಜವಾಗ್ಲೂ ಬಜ್ಜಿ ಬಿಟ್ಟಳಾ, ಬರೀ ಬಿಟ್ಟೀನಿ ಅಂತಾಳಾ ಕೇಳು" ಎಂದರು. ಅವರಿಗೆ ಆ ಮಾತಾಡುವ ಧೈರ್ಯ ಎಲ್ಲಿಂದ ಬಂತೋ. ಹೋದ ತಿಂಗಳು ಹಿರಿಯೂರಿನ ಒಂದು ಮದುವೆಯಲ್ಲಿ ಹೋಳಿಗೆಗೆ ತುಪ್ಪ ಸುರಿಸಿಕೊಂಡು ಬಂದು, ಮನೆಯಲ್ಲಿ ತಾವಾಗಿಯೇ ಒಪ್ಪಿಕೊಂಡರು. ನಾನು ಬೈಯಲಿಲ್ಲ. ರಾತ್ರಿ ಮಜ್ಜಿಗೆ, ಸೊಪ್ಪು ಅಷ್ಟೇ ಇಟ್ಟೆ.

ನನ್ನ ಆರೋಗ್ಯ ಪರವಾಗಿಲ್ಲ. ಪೂರ್ತಿ ಸರಿ ಎಂದು ಡಾಕ್ಟರು ಹೇಳುತ್ತಿಲ್ಲ. ಬೆಂಗಳೂರಿನಲ್ಲಿ ಇನ್ನೊಂದು ಪರೀಕ್ಷೆ ಮಾಡಿಸಬೇಕಾದೀತು. ಆದರೆ ಮಾಳಿಗೆ ಮೆಟ್ಟಿಲನ್ನು ಈಗ ನಿಲ್ಲದೆ ಹತ್ತುತ್ತೇನೆ.

ಎದುರುಮನೆ ಮುದ್ದಕ್ಕ ಗೊತ್ತಲ್ಲ, ಗಂಡನಿಗೆ ಕಾಳಿನ ಮಂಡಿ ಇದೆ. ಮೊನ್ನೆ ಬಂದು, "ಅಕ್ಕಾ, ನಮ್ಮನೆಯವರಿಗೂ ಕೊಬ್ಬು ಜಾಸ್ತಿ ಅಂದವ್ರೆ. ನಿಮ್ಮನೆಯವರಿಗೆ ಏನ್ ಮಾಡಿ ಹಾಕ್ತೀರಿ ಹೇಳ್ರಿ" ಎಂದಳು. ಚಮಚ, ಹಬೆ, ಕೆನೆ ಎಲ್ಲ ಹೇಳಿದೆ. ಕೇಳಿಸಿಕೊಂಡು ಏಳುವಾಗ ಗೋಡೆ ಹಿಡಿದುಕೊಂಡು ಎದ್ದಳು. ಉಸಿರು ಬಿಟ್ಟ ರೀತಿ ನನಗೆ ಸರಿ ಕಾಣಲಿಲ್ಲ.

"ನೀನು ಯಾವಾಗಾದ್ರೂ ತೋರಿಸ್ಕಂಡಿದ್ದೀಯಾ?" ಎಂದು ಕೇಳಿದೆ.

"ನನಗೇನಾಗೈತೆ? ನಾನು ಗಟ್ಟಿ ಇದ್ದೀನಿ."

"ಉಂಡು ಉಳಿದದ್ದು ಯಾರು ತಿಂತಾರೆ?"

ಅವಳು ನಕ್ಕಳು. ಆಮೇಲೆ ನಗು ನಿಲ್ಲಿಸಿ ನನ್ನ ಮುಖ ನೋಡಿದಳು.

ನಿನ್ನೆ ಬೆಳಿಗ್ಗೆ ಮುದ್ದಕ್ಕ, ನಾನು ಇಬ್ಬರೂ ಒಳ್ಳೆ ಸೀರೆ ಉಟ್ಟು ಹೊರಟೆವು. ಜಗಲಿಯಲ್ಲಿ ಇವರು ಪೇಪರ್ ಇಳಿಸಿ ಕೇಳಿದರು, "ಎಲ್ಲಿಗೆ ಹೊಂಟ್ರಿ?"

"ಆಸ್ಪತ್ರೆಗೆ."

ಗಾಬರಿಯಾಗಿ ಎದ್ದು ನಿಂತರು. "ಯಾರಿಗೆ ಏನಾತು?"

"ಏನೂ ಆಗಿಲ್ಲ ಕಣ್ರಿ. ಏನೂ ಆಗದಿರುವಾಗಲೇ ಒಂದ್ಸಲ ಹೋಗಿ ಬರಾಣ ಅಂತ."

ಅವರು ಒಳಗೆ ಹೋಗಿ ಅಮರೇಶನನ್ನು ಎಬ್ಬಿಸಿ ಕಾರು ತೆಗೆಸಿದರು.

ತಿಪ್ಪೇರುದ್ರಮ್ಮ